ಮೂರು ಮನೆಯ ಯಂತ್ರ

ಬೈಲಹೊಂಗಲದಲ್ಲಿ ನಾನಿರುವ ಬಾಡಿಗೆ ಕೋಣೆಯ ಮೇಜಿನ ಮೇಲೆ ಹದಿನಾಲ್ಕು ಹಳೆಯ ಕ್ಯಾಲ್ಕುಲೇಟರ್‌ಗಳಿವೆ. ಅವುಗಳಲ್ಲಿ ಯಾವುದಕ್ಕೂ ಬರಾಬರ್, ಅಂದರೆ ಸಮ ಚಿಹ್ನೆಯ ಗುಂಡಿ ಇಲ್ಲ. ನನ್ನ ಕೋಣೆಗೆ ಬರುವವರು ಕಡಿಮೆ. ಕರೆಂಟಿನ ಮೀಟರ್ ಓದುವವನು ಒಮ್ಮೆ ಒಂದನ್ನು ಎತ್ತಿಕೊಂಡು ಎರಡು, ಕೂಡಿಸು, ಮೂರು ಎಂದು ಒತ್ತಿ, ಉತ್ತರ ಕೇಳುವ ಗುಂಡಿಗಾಗಿ ಹುಡುಕಾಡಿ, "ಸರ, ಇದು ಕೆಟ್ಟೈತಿ" ಎಂದು ಕೆಳಗಿಟ್ಟ. ಕೆಟ್ಟಿಲ್ಲ ಎಂದು ವಿವರಿಸಲು ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವನು ಮುಂದಿನ ಮನೆಯ ಮೀಟರ್ ಮುಂದೆ ನಿಂತಿದ್ದ.

ಇವು ರಿವರ್ಸ್ ಪೋಲಿಷ್ ಪದ್ಧತಿಯ ಯಂತ್ರಗಳು. ಇವಕ್ಕೆ ಮೊದಲು ಅಂಕಿಗಳನ್ನು ಕೊಡಬೇಕು. ಅವುಗಳನ್ನು ಏನು ಮಾಡಬೇಕೆಂದು ಆಮೇಲೆ ಹೇಳಬೇಕು. ಎರಡು ಒತ್ತಿ, ಎಂಟರ್ ಒತ್ತಿ, ಮೂರು ಒತ್ತಿ, ಕೂಡಿಸು ಎಂದರೆ ಐದು. ಕೊಟ್ಟ ಅಂಕಿಗಳು ಒಳಗೆ ಒಂದರ ಮೇಲೊಂದು ಮನೆ ಮಾಡಿಕೊಂಡು ಕೂರುತ್ತವೆ. ಹೊಸದು ಬಂದರೆ ಹಳೆಯವು ಒಂದೊಂದು ಮನೆ ಮೇಲೆ ಸರಿಯುತ್ತವೆ. ಕೂಡಿಸಿದಾಗ ಕೆಳಗಿನ ಎರಡು ಒಂದಾಗುತ್ತವೆ, ಮೇಲಿನವು ಒಂದೊಂದು ಮನೆ ಇಳಿಯುತ್ತವೆ. ಇಷ್ಟು ತಿಳಿದರೆ ಸಾಕು.

ಆದರೆ ಎಲ್ಲ ಯಂತ್ರಗಳೂ ಒಂದೇ ಜಾತಿಯವಲ್ಲ. ಕಾಲೇಜಿನ ಕೆಲಸದಿಂದ ಅವಧಿಗೆ ಮೊದಲೇ ನಿವೃತ್ತನಾದ ಮೇಲೆ ನಾನು ಅವುಗಳ ವರ್ಗೀಕರಣಕ್ಕೆ ಕೂತೆ. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಇಂಥದೇ ಹುಚ್ಚು ಹಿಡಿದ ಇಪ್ಪತ್ತು ಮೂವತ್ತು ಜನರ ಒಂದು ಗುಂಪು ಫೋನಿನಲ್ಲಿದೆ. ಅವರಲ್ಲಿ ಯಾರ ಮುಖವನ್ನೂ ನಾನು ನೋಡಿಲ್ಲ. ಅವರು ಯಂತ್ರಗಳನ್ನು ಹೆಸರಿನಿಂದ ವಿಂಗಡಿಸುತ್ತಿದ್ದರು. ಇದು ಅಸಲಿ, ಇದು ಹೊಸದು, ಇದು ಅರೆಬರೆ. ಹೆಸರಿನ ಮೇಲೆ ಜಗಳವಾಗುತ್ತಿತ್ತು. ನಾನು ಹೆಸರು ಬಿಟ್ಟು ಪ್ರಶ್ನೆ ಕೇಳಿ ಎಂದೆ. ಒಳಗೆ ಎಷ್ಟು ಮನೆಗಳಿವೆ? ಎಂಟರ್ ಒತ್ತಿದರೆ ಅಂಕಿಯ ಇನ್ನೊಂದು ಪ್ರತಿ ಹುಟ್ಟುತ್ತದೆಯೇ, ಅಥವಾ ಅಂಕಿ ಸುಮ್ಮನೆ ಒಳಗೆ ಹೋಗುತ್ತದೆಯೇ? ಅಂದರೆ ಐದು, ಎಂಟರ್, ಕೂಡಿಸು ಎಂದು ಒತ್ತಿದಾಗ ಒಂದು ಯಂತ್ರ ಹತ್ತು ತೋರಿಸುತ್ತದೆ, ಇನ್ನೊಂದು ತಪ್ಪು ಎಂದು ಮುನಿಸಿಕೊಳ್ಳುತ್ತದೆ. ಕೊನೆಯ ಪ್ರಶ್ನೆ: ಮೇಲಿನ ಅಂಕಿ ಕೆಳಗಿಳಿದಾಗ ಖಾಲಿಯಾದ ತುತ್ತತುದಿಯ ಮನೆಯಲ್ಲಿ ಏನು ಉಳಿಯುತ್ತದೆ? ಸೊನ್ನೆಯೋ, ಇಳಿದುಹೋದ ಅಂಕಿಯ ನೆರಳೋ?

ಮನೆಗಳೆಷ್ಟು, ತುದಿಯಲ್ಲಿ ಏನು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಪರೀಕ್ಷೆ ಸಾಕು. ಒಂದು, ಎರಡು, ಮೂರು, ನಾಲ್ಕು, ನಡುವೆ ಎಂಟರ್ ಒತ್ತುತ್ತ ಒಳಗೆ ಹಾಕಿ, ಆಮೇಲೆ ಕೂಡಿಸು ಗುಂಡಿಯನ್ನು ಮೂರು ಸಲ ಒತ್ತಬೇಕು. ನಾಲ್ಕು ಮನೆಯ ಯಂತ್ರ ಹತ್ತು ತೋರಿಸುತ್ತದೆ. ಮೂರೇ ಮನೆಯದಾದರೆ ಮೊದಲು ಹಾಕಿದ ಒಂದು ಜಾಗವಿಲ್ಲದೆ ಹೊರಬಿದ್ದು ಕಳೆದುಹೋಗುತ್ತದೆ. ತುದಿಯಲ್ಲಿ ಸೊನ್ನೆ ಉಳಿಯುವ ಜಾತಿ ಒಂಬತ್ತು ತೋರಿಸುತ್ತದೆ.

ಗುಂಪಿನಲ್ಲಿ ಒಬ್ಬರು, ತಮ್ಮ ಬಳಿ ಒಂದು ಹಳೆಯ ಅಗ್ಗದ ಯಂತ್ರವಿದೆ, ಕೆಂಪು ಅಂಕಿಗಳದು, ಅದು ಹನ್ನೊಂದು ತೋರಿಸುತ್ತದೆ ಎಂದು ಬರೆದರು. ಹನ್ನೊಂದು ಹೇಗೆ ಎಂದು ನಾನು ಕಾಗದದ ಮೇಲೆ ಮನೆಗಳನ್ನು ಬರೆದು ನೋಡಿದೆ. ಮೂರು ಮನೆ, ತುದಿಯಲ್ಲಿ ನೆರಳು ಉಳಿಯುವ ಜಾತಿ. ಒಂದು ಸದ್ದಿಲ್ಲದೆ ಹೊರಬೀಳುತ್ತದೆ. ಎರಡು ಇಳಿಯುವಾಗ ತನ್ನ ನೆರಳನ್ನು ಮೇಲೆ ಬಿಟ್ಟು ಬರುತ್ತದೆ, ಆ ನೆರಳೂ ಕೂಡುತ್ತದೆ. ಮೊದಲನೆಯದು ಮಾಯ, ಎರಡನೆಯದು ಎರಡು ಸಲ.

ಪೆನ್ಸಿಲ್ ಕೆಳಗಿಟ್ಟೆ. ಮೊದಲನೆಯದು ಮಾಯ, ಎರಡನೆಯದು ಎರಡು ಸಲ. ಇದೇ ತಪ್ಪನ್ನು ಒಬ್ಬ ಮನುಷ್ಯ ತನ್ನ ಬೆರಳಿನಿಂದ ಮಾಡಿದ, ಅದನ್ನು ನಾನು ಕಣ್ಣಾರೆ ಕಂಡೆ ಎಂದು ಮೂವತ್ತು ವರ್ಷಗಳ ಹಿಂದೆ ನಾನು ಬರೆದುಕೊಟ್ಟಿದ್ದೆ. ಆ ಕಾಗದದಿಂದ ಅವನ ಕೆಲಸ ಹೋಗಲಿಲ್ಲ, ಆದರೆ ಹೆಸರು ಹೋಯಿತು.

ಆಗ ನಾನು ಧಾರವಾಡದಲ್ಲಿ ಗಣಿತದ ಎಂಎಸ್ಸಿ ಮುಗಿಸಿ, ಬೇರೇನೂ ಸಿಗದೆ, ಜಮೀನು ಅಳೆಯುವ ಒಂದು ತಂಡದಲ್ಲಿ ತಾತ್ಕಾಲಿಕ ಗುಮಾಸ್ತನಾಗಿದ್ದೆ. ಅವನು ಅದೇ ತಂಡದ ಸರ್ವೇಯರ್, ನನಗಿಂತ ಆರು ವರ್ಷ ದೊಡ್ಡವ, ಕಿತ್ತೂರಿನ ಹತ್ತಿರದ ದೇಗಾಂವದವನು. ರಾಮದುರ್ಗದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಮಗ್ಗ. ಬೆಳಗ್ಗೆ ಅದರ ಸದ್ದು ಶುರುವಾದರೆ ಅವನು, "ಲೇ ಎಂಎಸ್ಸಿ, ಹೊತ್ತಾತು, ಏಳ" ಎನ್ನುತ್ತಿದ್ದ. ಸೀಮೆಎಣ್ಣೆಯ ಸ್ಟೌ ಹೊತ್ತಿಸಲು ನಾನು ಒದ್ದಾಡುತ್ತಿದ್ದರೆ, "ಸ್ಟೌ ಪಿನ್ನ ಎದಕ್ಕ ಇರತೈತಿ ಅಂತ ನಿಮ್ಮ ಯುನಿವರ್ಸಿಟಿಯಾಗ ಹೇಳಲಿಲ್ಲೇನ? ಸರೀ, ಸರೀ. ನೀ ಕುಂತ ಎಕ್ಸ್ ವಾಯ್ ಮಾಡ" ಎಂದು ತಾನೇ ಹೊತ್ತಿಸುತ್ತಿದ್ದ. ಅವನು ಬಡಿದ ರೊಟ್ಟಿಯನ್ನು ಎರಡು ವರ್ಷ ತಿಂದಿದ್ದೇನೆ.

ಅಳತೆಯ ಲೆಕ್ಕಕ್ಕೆ ಇಂಥದೇ ಒಂದು ಯಂತ್ರ ನಮ್ಮಲ್ಲಿತ್ತು, ಅದು ಅವನದು. ಸವದತ್ತಿಯಲ್ಲಿ ಆಣೆಕಟ್ಟಿನ ಕ್ವಾರ್ಟರ್ಸಿನಿಂದ ಊರು ಬಿಟ್ಟು ಹೊರಟಿದ್ದ ಒಬ್ಬ ಎಂಜಿನಿಯರರು ಮೇಜಿನ ಸಾಮಾನಿನ ಜೊತೆ ಅದನ್ನೂ ಅವನಿಗೆ ಕೊಟ್ಟುಹೋಗಿದ್ದರು. ಹೇಗೆ ಬಳಸುವುದೆಂದು ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಮ್ಮ ಪ್ರೊಫೆಸರರ ಬಳಿ ಅಂಥದೊಂದು ಇತ್ತು. ನಾನು ಕಲಿಸಿದೆ, ಅವನು ಒಂದೇ ದಿನದಲ್ಲಿ ಕಲಿತ. ಅವನಿಗೆ ಅದು ಹೊಲದಲ್ಲಿ ಸರಪಳಿ ಎಳೆಯುವ ಕೆಲಸದ ಹಾಗೆಯೇ ಕಂಡಿತು. ಸರಪಳಿಯ ಒಂದೊಂದು ಉದ್ದ ಮುಗಿದಲ್ಲಿ ಮುಂದಿನವನು ನೆಲಕ್ಕೆ ಒಂದು ಕಬ್ಬಿಣದ ಕಡ್ಡಿ ಚುಚ್ಚುತ್ತ ಹೋಗುತ್ತಾನೆ, ಹಿಂದಿನವನು ಅವನ್ನು ಕಿತ್ತುಕೊಳ್ಳುತ್ತ ಬರುತ್ತಾನೆ. ಬದು ಮುಟ್ಟುವ ತನಕ ಯಾರೂ ಎಣಿಸಕೂಡದು. ನಡುವೆ ಎಣಿಸಿದರೆ ಕಡ್ಡಿ ತಪ್ಪುತ್ತದೆ ಎಂದು ಆ ಜನರ ಕಟ್ಟುನಿಟ್ಟು. ಯಂತ್ರದಲ್ಲೂ ಅವನು ಹಾಗೆಯೇ ಮಾಡುತ್ತಿದ್ದ. ಎಲ್ಲ ತುಂಡುಗಳ ಅಳತೆಯನ್ನು ಮೊದಲು ಒಳಗೆ ಹಾಕುವುದು, "ಆತು" ಎಂದು ಜೋರಾಗಿ ಹೇಳುವುದು, ಆಮೇಲೆ ಕೂಡಿಸು, ಕೂಡಿಸು.

ಸಾಲಹಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರ ಹೊಲ ಪಾಲು ಮಾಡುವುದಿತ್ತು. ಅಲ್ಲಿಯ ತನಕ ನಮ್ಮ ಹೊಲಗಳು ಎರಡು ಮೂರು ತುಂಡಿನಲ್ಲೇ ಮುಗಿಯುತ್ತಿದ್ದವು, ಇದನ್ನು ನಾಲ್ಕು ತುಂಡು ಮಾಡಿ ಅಳೆದೆವು. ಗುಂಟೆಯ ಕೆಳಗಿನ ಆಣೆಗಳನ್ನು ಬಿಟ್ಟು ಹೇಳುವುದಾದರೆ ಇಪ್ಪತ್ತೆರಡು ಗುಂಟೆ, ಇಪ್ಪತ್ತಾರು, ಹತ್ತೊಂಬತ್ತು, ಮೂವತ್ತೊಂದು. ಯಂತ್ರ ನೂರಾ ಎರಡು, ಅಂದರೆ ಎರಡು ಎಕರೆ ಇಪ್ಪತ್ತೆರಡು ಗುಂಟೆ ಎಂದಿತು. ಹಳೆಯ ದಾಖಲೆಯಲ್ಲಿ ನಾಲ್ಕು ಗುಂಟೆ ಕಡಿಮೆ ಇತ್ತು. ಹಳೆಯ ದಾಖಲೆಗಳು ಹಾಗೆ ಇರುವುದು ಹೊಸದಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೇ ತರಗತಿಯ ಹುಡುಗಿ ಬೆರಳು ಮಡಚಿ ಮಾಡಬಹುದಾದ ಲೆಕ್ಕ ಅದು. ನಾವು ಮಾಡಲಿಲ್ಲ. ಆ ಮೊತ್ತದ ಅರ್ಧವನ್ನು ತಮ್ಮನ ಕಡೆಯಿಂದ ಅಳೆದು ಕಲ್ಲು ನೆಟ್ಟು ಬಂದೆವು.

ತಿಂಗಳ ಮೇಲೆ ಅಣ್ಣ, ತನ್ನ ಪಾಲು ಕಡಿಮೆ ಬಿದ್ದಿದೆ ಎಂದು ತಕರಾರು ತೆಗೆದ. ಅಷ್ಟರಲ್ಲಿ ತಮ್ಮನು ಹೊಸ ಕಲ್ಲಿನ ಗುಂಟ ಬೇಲಿ ಹಾಕಿಯೂ ಆಗಿತ್ತು. ಮರು ಅಳತೆಯಲ್ಲಿ ನಾಲ್ಕು ಗುಂಟೆ ಹೆಚ್ಚು ಹೇಳಿದ್ದೇವೆಂದು ಗೊತ್ತಾಯಿತು. ಕಲ್ಲು ಕೀಳುವ ದಿನ ಊರಿನವರೆಲ್ಲ ಬದುವಿನ ಮೇಲೆ ನಿಂತಿದ್ದರು. "ಮಳಿ ಇಲ್ಲ, ಗೊಬ್ಬರಿಲ್ಲ, ನಾಕ ಗುಂಟೆ ನೆಲಾನ ಬೆಳಸ್ಯಾನ ನೋಡಪಾ ನಮ್ಮ ಸಾಹೇಬ" ಎಂದು ಒಬ್ಬ ಮುದುಕ ಕೂಗಿದ. "ನಮ್ಮ ಹೊಲಕ್ಕೂ ಬರ್ರೀ ಸಾಹೇಬ್ರ, ನಮಗ ಎರಡ ಗುಂಟೆ ಸಾಕು!" ಅಂದಿನಿಂದ ನನ್ನ ಗೆಳೆಯ ಆ ತಾಲ್ಲೂಕಿನಲ್ಲೆಲ್ಲ 'ನಾಕ ಗುಂಟೆ' ಆದ.

ಸವದತ್ತಿಯ ಕಚೇರಿಯಲ್ಲಿ ಮೇಲಿನವರು ನನ್ನನ್ನು ಕರೆದು, ಹೇಗಾಯಿತು ಬರೆದುಕೊಡು ಎಂದರು. ನಾಲ್ಕು ಅಂಕಿಗಳನ್ನು ಎದುರಿಗಿಟ್ಟುಕೊಂಡು ನೋಡಿದೆ. ಇಪ್ಪತ್ತೆರಡು ಬಿಟ್ಟುಹೋಗಿ ಇಪ್ಪತ್ತಾರು ಎರಡು ಸಲ ಕೂಡಿದರೆ ಮಾತ್ರ ಆ ಮೊತ್ತ ಬರುತ್ತದೆ ಎಂದು ಐದು ನಿಮಿಷದಲ್ಲಿ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಪಟ್ಟೆ. ಯಂತ್ರ ತಪ್ಪು ಮಾಡುವುದಿಲ್ಲ, ಆದ್ದರಿಂದ ಬೆರಳು ತಪ್ಪಿರಬೇಕು. ಬೆರಳು ತಪ್ಪಿರಬೇಕು ಎಂದು ಬರೆಯುವ ಬದಲು, ತಪ್ಪಿದ್ದನ್ನು ಕಂಡಿದ್ದೇನೆ ಎಂದು ಬರೆದೆ. ಬರೆದ ಮೇಲೆ ನಿಜಕ್ಕೂ ಕಂಡಂತೆಯೇ ಆಯಿತು. ಇವತ್ತಿಗೂ ಕಣ್ಣು ಮುಚ್ಚಿದರೆ ಅವನ ಹೆಬ್ಬೆರಳು ಎರಡು, ಆರು, ಮತ್ತೆ ಎರಡು, ಆರು ಒತ್ತುವುದು ಕಾಣುತ್ತದೆ. ಉಗುರಿನ ಮೇಲಿನ ಕಪ್ಪು ಕಲೆ ಕೂಡ ಕಾಣುತ್ತದೆ. ಎಲ್ಲವನ್ನೂ ಅನುಮಾನಿಸು ಎಂದು ಕಲಿತು ಬಂದವನು ನಾನು. ಆ ಹೆಬ್ಬೆರಳನ್ನು ಮಾತ್ರ ಮೂವತ್ತು ವರ್ಷ ಅನುಮಾನಿಸಲಿಲ್ಲ.

ಅವನನ್ನು ಹೊಲದ ಕೆಲಸದಿಂದ ತೆಗೆದು ಸವದತ್ತಿಯಲ್ಲಿ ಹಳೆಯ ನಕ್ಷೆಗಳ ಕೋಣೆಗೆ ಹಾಕಿದರು. ರಾಮದುರ್ಗದ ಕೋಣೆ ಬಿಟ್ಟು ಹೋಗುವ ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಸ್ಟೌ ಬಿಟ್ಟುಹೋದ, ಯಂತ್ರ ಒಯ್ದ. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿ ನಾನು ಬೈಲಹೊಂಗಲಕ್ಕೆ ಬಂದೆ. ಮದುವೆಯಾಗಲಿಲ್ಲ. ಅಂಥ ಇನ್ನೊಬ್ಬ ಗೆಳೆಯನೂ ಆಗಲಿಲ್ಲ.

ಈಗ ಎಲ್ಲವೂ ಆ ಯಂತ್ರದ ಮೇಲೆ ನಿಂತಿತ್ತು. ಅದು ಹತ್ತು ತೋರಿಸಿದರೆ ನಾನು ಬರೆದದ್ದು ನಿಜ. ಹನ್ನೊಂದು ತೋರಿಸಿದರೆ ಅವನ ಬೆರಳು ತಪ್ಪಿರಲಿಲ್ಲ, ನಾನು ಕಾಣದ್ದನ್ನು ಕಂಡೆ ಎಂದು ಬರೆದು ಒಬ್ಬನ ಮೂವತ್ತು ವರ್ಷ ಕೆಡಿಸಿದ್ದೇನೆ. ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ಕೊಂಡು ಬೆಳಗಿನ ಬಸ್ಸಿಗೆ ಕಿತ್ತೂರಿಗೆ ಹೋದೆ, ಒಂದು ಗಂಟೆಯ ದಾರಿ. ಅಲ್ಲಿಂದ ಟಂಟಂ ರಿಕ್ಷಾದಲ್ಲಿ ದೇಗಾಂವ. ಕಮಲನಾರಾಯಣ ಗುಡಿಯ ಹತ್ತಿರ ಇಳಿದು ಮನೆ ಕೇಳಿದೆ. ಯಾರ ಮನೆ ಎಂದು ಹೇಳಲು ಅವನ ಹೆಸರು ನಾಲಿಗೆಗೆ ಬರುವ ಮೊದಲು 'ನಾಕ ಗುಂಟೆ' ಎಂಬುದೇ ಬಂತು. ನುಂಗಿಕೊಂಡೆ.

ಬಾಗಿಲಿಗೆ ಬಂದದ್ದು ಅವನ ಹೆಂಡತಿ. ನನ್ನನ್ನು ಅವರು ಎಂದೂ ನೋಡಿರಲಿಲ್ಲ. "ಯಾರ ಬೇಕಾಗಿತ್ತ್ರಿ?" ಎಂದರು. ಹೇಳುವಷ್ಟರಲ್ಲಿ ಅವನೇ ಹಿಂದೆ ಬಂದು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಸ್ವಲ್ಪ ಹೊತ್ತು ನೋಡಿದ.

"ಬರ್ರಿ. ಕುಂಡ್ರಿ" ಎಂದ.

ಆ 'ರಿ' ನನಗೆ ಬಾಗಿಲಲ್ಲೇ ತಟ್ಟಿತು. ಎರಡು ವರ್ಷ 'ಲೇ' ಎಂದವನು.

ಪಡಸಾಲೆಯಲ್ಲಿ ಕೂತೆ. ಚಹ ಬಂತು. ಊರು, ಮಳೆ, ಸೋಯಾಬೀನ್ ಎಂದು ನಾಲ್ಕು ಮಾತಾದವು. ಆಮೇಲೆ ಬ್ಯಾಟರಿ ತೆಗೆದು ಮುಂದಿಟ್ಟು, ಆ ಮಷೀನು ಇದೆಯೇ ಎಂದು ಕೇಳಿದೆ.

"ಅದನ್ನ ನೋಡಾಕ ಬಂದ್ರೇನು?" ಎಂದ ಅವನು. "ನಾ ಅನಕೊಂಡೆ, ನನ್ನ ನೋಡಾಕ ಬಂದೀರಿ ಅಂತ."

"ಎರಡಕ್ಕೂ" ಎಂದೆ. ಅದು ಅರ್ಧ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಒಳಗೆ ಹೋಗಿ ಒಂದು ಅರಿವೆಯ ಗಂಟು ತಂದ. ಬ್ಯಾಟರಿಯ ಮುಚ್ಚಳ ಇರಲಿಲ್ಲ, ತಂತಿಯ ತುದಿಯಲ್ಲಿ ಹಸಿರು ಕಿಲುಬು. ನಾನು ಉಗುರಿನಿಂದ ಕೆರೆದೆ. ಸಿಕ್ಕಿಸಿದಾಗ ಒಂದು ಕೆಂಪು ಸೊನ್ನೆ ಹೊತ್ತಿಕೊಂಡಿತು.

"ನೀವ ಒತ್ತರಿ" ಎಂದೆ. "ಹೊಲದಾಗ ಒತ್ತತಿದ್ದಿರೆಲಾ, ಹಂಗ. ಒಂದು, ಎರಡು, ಮೂರು, ನಾಕು. ಆಮ್ಯಾಲ ಮೂರ ಸಲ ಕೂಡಸರಿ."

ಅವನು ಕನ್ನಡಕ ಹಾಕಿಕೊಂಡ. ಬೆರಳು ನಿಧಾನ, ಆದರೆ ದಾರಿ ಮರೆತಿರಲಿಲ್ಲ. ನಾಲ್ಕನ್ನು ಹಾಕಿದ ಮೇಲೆ, ತನಗೇ ಕೇಳಿಸುವಷ್ಟು ಮೆಲ್ಲಗೆ, "ಆತು" ಎಂದ. ಕೂಡಿಸು, ಕೂಡಿಸು, ಕೂಡಿಸು.

ಹನ್ನೊಂದು.

ನಾನು ವಿವರಿಸಿದೆ. ಇದು ಮೂರೇ ಮನೆಯದು, ನಾಲ್ಕನೆಯದು ಒಳಗೆ ಬಂದರೆ ಮೊದಲನೆಯದನ್ನು ಹೊರಗೆ ಹಾಕುತ್ತದೆ, ಎರಡನೆಯದನ್ನು ಎರಡು ಸಲ ಎಣಿಸುತ್ತದೆ, ಯಾರಿಗೂ ಹೇಳುವುದಿಲ್ಲ. ಇಪ್ಪತ್ತೆರಡು ಹೋಯಿತು, ಇಪ್ಪತ್ತಾರು ಎರಡಾಯಿತು. ಅವನು ಅಂಕಿಯನ್ನೇ ನೋಡುತ್ತಿದ್ದ.

"ಅಂದ್ರ ನಾ ತಪ್ಪ ಒತ್ತಿಲ್ಲ."

"ಇಲ್ಲ."

"ಒಂದ ಗುಂಡಿನೂ?"

"ಒಂದೂ ಇಲ್ಲ."

ಅವನು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ತೆಗೆದ. "ಮತ್ತ ನಾಕರ ತನಕಾ ಹಾಕು, ಒಳಗ ಜಾಗಾ ಐತಿ ಅಂದಾವ ಯಾರು?"

ನನಗೆ ಅರ್ಥವಾಗಲಿಲ್ಲ. "ಯಾರು?"

"ನೀನ. ರಾಮದುರ್ಗದ ಖೋಲ್ಯಾಗ, ರೊಟ್ಟಿ ತಿನಕೋತ. ಎಷ್ಟ ಹಾಕಬೌದೋ ಅಂತ ನಾ ಕೇಳಿದೆ. ನಾಕರ ತನಕಾ ಭಯಾ ಇಲ್ಲ, ಅದಕ್ಕ ಮ್ಯಾಲ ಹಾಕಬ್ಯಾಡ ಅಂದಿ. ಸಾಲಹಳ್ಯಾಗ ಹೊಲಾ ಐದ ತುಂಡ ಆಗತಿತ್ತು. ನೀ ಹೇಳಿದಿ ಅಂತ ಎರಡ ತುಂಡ ಒಂದ ಮಾಡಿ ನಾಕಕ್ಕ ತಂದೆ ನಾ. ಇಲ್ಲಾಂದ್ರ ಯಾಕ ತರತಿದ್ದೆ?"

ಅವನು ತನಗರಿವಿಲ್ಲದೆ 'ನೀ'ಗೆ ಇಳಿದಿದ್ದ. ಆದರೆ ನಾನು ಆ ಮಾತನ್ನು ಹುಡುಕುತ್ತಿದ್ದೆ. ಕೋಣೆ ಸಿಕ್ಕಿತು. ಮಗ್ಗದ ಸದ್ದು ಸಿಕ್ಕಿತು, ಸೀಮೆಎಣ್ಣೆಯ ವಾಸನೆ ಸಿಕ್ಕಿತು. ಆ ಒಂದು ವಾಕ್ಯ ಸಿಗಲಿಲ್ಲ. ಪ್ರೊಫೆಸರರ ಯಂತ್ರಕ್ಕೆ ನಾಲ್ಕು ಮನೆ ಇತ್ತು. ಇದಕ್ಕೂ ನಾಲ್ಕೇ ಎಂದು ನಾನು ಹೇಳಿರುವ ಸಂಭವ ಪೂರ್ತಿ ಇದೆ. ಒತ್ತಿ ನೋಡದೆ ಹೇಳಿರುವ ಸಂಭವವೂ ಇದೆ. ಆದರೆ ಮೂವತ್ತು ವರ್ಷ ಒಂದೇ ನೋವನ್ನು ತಿರುತಿರುಗಿಸಿ ನೋಡಿದ ಮನುಷ್ಯನಿಗೂ ಇಲ್ಲದ ವಾಕ್ಯ ಕೇಳಿಸಬಹುದು, ನನಗೆ ಹೆಬ್ಬೆರಳು ಕಂಡ ಹಾಗೆ. ಯಂತ್ರಕ್ಕೆ ಇದ್ದಂತೆ ಇದಕ್ಕೆ ಪರೀಕ್ಷೆ ಇಲ್ಲ.

"ನಾ ಏನ ಮಾಡಲಿ?" ಎಂದು ಕೇಳಿದೆ. "ಸಾಲಹಳ್ಳಿಗೆ ಬರತೇನಿ. ಎಲ್ಲಾರ ಮುಂದ ಹೇಳತೇನಿ."

"ಸಾಲಹಳ್ಯಾಗ ಯಾರ ಉಳದಾರ? ಅಣ್ಣಾ ಹೋದ, ತಮ್ಮಾ ಹೋದ. ಆ ಹೊಲದ ಮ್ಯಾಲ ಈಗ ರೋಡ್ ಆಗೈತಿ." ಅವನು ಎದ್ದು ಗೂಡಿನಿಂದ ಒಂದು ನೋಟ್‌ಬುಕ್ಕಿನ ಹಾಳೆ ಹರಿದು ತಂದ. "ಆಗ ಬರದ ಕೊಟ್ಟಿದ್ದೆಲಾ. ಈಗೂ ಬರದ ಕೊಡ."

ಬರೆದೆ. ಯಂತ್ರದ ಜಾತಿ ಬರೆದೆ, ಪರೀಕ್ಷೆ ಬರೆದೆ, ಹನ್ನೊಂದು ಬಂದದ್ದು ಬರೆದೆ, ಅವನು ಒತ್ತಿದ್ದು ಸರಿಯಾಗಿತ್ತು ಎಂದು ಬರೆದೆ. ನಾನು ಕಂಡೆ ಎಂದು ಹಿಂದೆ ಹೇಳಿದ್ದನ್ನು ಕಂಡಿರಲಿಲ್ಲ ಎಂದೂ ಬರೆದೆ. ಕೊನೆಗೆ, ನಾಲ್ಕು ಅಂಕಿಗಳ ತನಕ ಹಾಕಬಹುದೆಂದು ನಾನೇ ಅವನಿಗೆ ಹೇಳಿದ್ದಿರಬಹುದು, ನನಗೆ ಸ್ಪಷ್ಟ ನೆನಪಿಲ್ಲ ಎಂದು ಬರೆದು ಸಹಿ ಮಾಡಿದೆ.

ಅವನು ಬೆರಳಿಟ್ಟುಕೊಂಡು ಓದಿದ. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಇದೇನಿದು, ಹೇಳಿದ್ದಿರಬಹುದು?"

"ನನಗ ಖರೇನ ನೆನಪಿಲ್ಲ. ನೆನಪಿಲ್ಲದ್ದನ್ನ ಹೆಂಗ ಬರೀಲಿ?"

"ಆಗ ಹೆಂಗ ಬರದಿ?"

ಅವನು ಸಿಟ್ಟಿನಲ್ಲಿ ಹೇಳಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದವನ ಹಾಗೆ ಕೇಳಿದ್ದ. "ಆ ಕಾಗದದಾಗ ಇರಬಹುದು ಇರಲಿಲ್ಲ," ಎಂದ. "ಕಂಡೇನಿ ಅಂತ ಇತ್ತು. ಸಾಹೇಬ್ರು ನನ್ನ ಮುಂದ ಓದಿದ್ರು. ಒಂದ ಕಡೆ ಕಾಟ್ ಹೊಡದಿದ್ದಿಲ್ಲ ನೀ."

ಅವನು ಇನ್ನೊಂದು ಹಾಳೆ ಹರಿದು ಮುಂದಿಟ್ಟ.

ನನ್ನ ಜೀವನದಲ್ಲಿ ನಾನು ಹೆಮ್ಮೆಪಟ್ಟ ಒಂದೇ ಗುಣವೆಂದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಅವನ ವಿಷಯದಲ್ಲಿ ಒಮ್ಮೆ ಅದನ್ನು ಮುರಿದಿದ್ದೆ. ಈಗ ಅದನ್ನು ಕಾಪಾಡಿಕೊಂಡರೆ ಲಾಭ ನನಗೆ, ನಷ್ಟ ಮತ್ತೆ ಅವನಿಗೆ. ಹೊಸ ಹಾಳೆಯಲ್ಲಿ ಎಲ್ಲವನ್ನೂ ಮತ್ತೆ ಬರೆದೆ. ಕೊನೆಗೆ, ನಾಲ್ಕರ ತನಕ ಹಾಕು ಎಂದು ಅವನಿಗೆ ಹೇಳಿಕೊಟ್ಟವನು ನಾನು, ಯಂತ್ರವನ್ನು ಪರೀಕ್ಷಿಸದೆ ಹೇಳಿದೆ, ತಪ್ಪು ನನ್ನದು ಎಂದು ಬರೆದೆ. ಇರಬಹುದು ಎಲ್ಲೂ ಇರಲಿಲ್ಲ. ಬರೆಯುತ್ತಿದ್ದಂತೆ ಆ ಕೋಣೆ ಕಣ್ಣೆದುರು ಬಂದು, ನಾನು ರೊಟ್ಟಿ ಮುರಿಯುತ್ತ ನಾಲ್ಕು ಬೆರಳು ಎತ್ತಿ ತೋರಿಸುವುದು ಕಾಣತೊಡಗಿತು. ಅದನ್ನು ನಂಬಲು ನನಗೆ ಧೈರ್ಯವಿಲ್ಲ.

ಅವನು ಓದಿದ. ಹಾಳೆಯನ್ನು ಮಡಚಲಿಲ್ಲ. ಯಂತ್ರವನ್ನು ಪಕ್ಕಕ್ಕಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದ. ಅಲ್ಲಿ ಹೆಂಡತಿಗೆ ಜೋರಾಗಿ ಓದಿ ಹೇಳುವುದು ಪಡಸಾಲೆಗೆ ಕೇಳಿಸುತ್ತಿತ್ತು. ಯಂತ್ರದ ಭಾಗ ಅವರಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ, ಅವನು ತಡೆದು ತಡೆದು ಬಿಡಿಸಿ ಹೇಳಿದ. ಕೊನೆಯ ಸಾಲನ್ನು ಎರಡು ಸಲ ಓದಿದ.

ಆಮೇಲೆ ಹೆಂಡತಿಯ ದನಿ.

"ಇಷ್ಟ ವರ್ಷ ಎಲ್ಲಿದ್ರಂತ ಅವ್ರು?"

"ಬೈಲಹೊಂಗಲದಾಗ."

"ಬೈಲಹೊಂಗಲದಾಗ?" ಎಂದರು ಅವರು. "ಇಲ್ಲೇ?"

ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಪಾತ್ರೆ ಇಳಿಸಿದ ಸದ್ದಾಯಿತು. ಯಾರಾದರೂ ಹೊರಗೆ ಬಂದು ಊಟಕ್ಕೆ ಏಳು ಎನ್ನುತ್ತಾರೇನೋ ಎಂದು ಕಾದೆ, ಯಾರೂ ಬರಲಿಲ್ಲ. ಆಮೇಲೆ ಬ್ಯಾಟರಿ ಹಾಳಾಗದಿರಲೆಂದು ಯಂತ್ರವನ್ನು ಆರಿಸಿ, ಅದನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಟಂಟಂ ನಿಲ್ಲುವ ಕಡೆ ನಡೆದೆ.